ಮತ ಎಣಿಸಿದರೆ ಕಥೆ ಗೆಲ್ಲುವುದೇ?

ಪ್ರಶಸ್ತಿಯನ್ನು ತೀರ್ಪುಗಾರರು ನಿರ್ಧರಿಸಬೇಕೇ, ಓದುಗರ ಮತ ನಿರ್ಧರಿಸಬೇಕೇ ಎಂಬುದು ಸಾಹಿತ್ಯ ವಲಯದ ಹಳೆಯ ಜಗಳ. ಸಂಭಾವನೆಯೂ ಪ್ರಕಾಶಕರೂ ಇಲ್ಲದ ‘ಫ್ಯಾನ್ ಫಿಕ್ಷನ್’ ಬರಹಗಾರರ ನಡುವೆ ಈ ಜಗಳಕ್ಕೆ ಬೇರೆಯದೇ ತೀವ್ರತೆಯಿದೆ. ಅಲ್ಲಿ ಬರೆಯುವವರಿಗೆ ದೊರೆಯುವ ಪ್ರತಿಫಲವೆಂದರೆ ಓದುಗರ ಮೆಚ್ಚುಗೆ ಮಾತ್ರ. ಆ ಮೆಚ್ಚುಗೆಯನ್ನೇ ಎಣಿಸಿ ಕಿರೀಟ ತೊಡಿಸಿದರೆ ಸಮುದಾಯಕ್ಕೆ ಒಳಿತಾಗುವುದೇ?

ಇನ್ನೊಬ್ಬರು ಸೃಷ್ಟಿಸಿದ ಪಾತ್ರಗಳನ್ನು ಎರವಲು ಪಡೆದು ಅಭಿಮಾನಿಗಳು ಬರೆಯುವ ಕಥೆಗಳೇ ಫ್ಯಾನ್ ಫಿಕ್ಷನ್. ವ್ಯಾಸರ ಕಥೆಯನ್ನು ಪಂಪ, ಕುಮಾರವ್ಯಾಸರಿಂದ ಹಿಡಿದು ‘ಪರ್ವ’ದ ಭೈರಪ್ಪನವರವರೆಗೆ ಅನೇಕರು ತಮ್ಮದಾಗಿಸಿಕೊಂಡು ಹೇಳಿದ್ದನ್ನು ಬಲ್ಲ ಕನ್ನಡಿಗರಿಗೆ ಇದರ ಹಿಂದಿನ ಆಸೆ ಅಪರಿಚಿತವಲ್ಲ. ಅಮೆರಿಕದ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ಹೊರತಂದಿದ್ದರು. ಇಂದು ಇಂಥ ಬರವಣಿಗೆಯ ದೊಡ್ಡ ನೆಲೆಗಳಲ್ಲೊಂದು, 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಂತರ್ಜಾಲ ಸಂಗ್ರಹ.

ಮತದಾನದ ಪ್ರಶಸ್ತಿಗಳ ಪರವಾದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಕ್ಷಾಂತರ ಕಥೆಗಳ ರಾಶಿಯಲ್ಲಿ ಹೊಸ ಓದುಗನಿಗೆ ದಾರಿ ತೋರುವವರು ಬೇಕು. ಮೂಲಕೃತಿಯ ಹಕ್ಕು ಬೇರೆಯವರದಾದ್ದರಿಂದ ಈ ಕಥೆಗಳನ್ನು ಮಾರುವಂತಿಲ್ಲ. ಬರೆದವರಿಗೆ ಒಂದಿಷ್ಟು ಗೌರವವಾದರೂ ಸಲ್ಲಲಿ ಎಂಬ ಮಾತೂ ನ್ಯಾಯವಾದುದೇ.

ಆದರೆ ಮತ ಅಳೆಯುವುದು ಏನನ್ನು? ‘ಹ್ಯಾರಿ ಪಾಟರ್’ ಕುರಿತ ಸಾಧಾರಣ ಕಥೆಯೊಂದಕ್ಕೆ ಸಾವಿರಾರು ಓದುಗರು ಸಿಗಬಹುದು. ಯಾರೂ ನೆನೆಯದ ಹಳೆಯ ಕಾದಂಬರಿಯ ಪಾತ್ರವೊಂದನ್ನು ಕುರಿತ ಅತ್ಯುತ್ತಮ ಕಥೆಗೆ ಇಪ್ಪತ್ತು ಮಂದಿ ಸಿಕ್ಕರೆ ಹೆಚ್ಚು. ಇಬ್ಬರನ್ನೂ ಒಂದೇ ಕಣದಲ್ಲಿ ನಿಲ್ಲಿಸಿದರೆ ಗೆಲ್ಲುವುದು ಬರಹವಲ್ಲ, ಮೂಲಕೃತಿಯ ಜನಪ್ರಿಯತೆ. ಆರ್ಕೈವ್‌ನಲ್ಲಿ ‘ಕೂಡೋಸ್’ ಎಂಬ ಮೆಚ್ಚುಗೆಯ ಗುರುತಿದೆ. ಒಬ್ಬರು ಒಂದು ಕೃತಿಗೆ ಒಮ್ಮೆ ಮಾತ್ರ ಕೊಡಬಹುದು. ಅದರ ಎಣಿಕೆಯ ಪ್ರಕಾರ ಕಥೆಗಳನ್ನು ವಿಂಗಡಿಸಿ ಓದುವವರಿಗೆ ಮೊದಲು ಕಾಣುವುದು ಈಗಾಗಲೇ ಮೆಚ್ಚುಗೆ ಪಡೆದದ್ದೇ. ಉಳ್ಳವರಿಗೇ ಮತ್ತಷ್ಟು ಸೇರುವ ಈ ಲೆಕ್ಕಕ್ಕೆ ಪ್ರಶಸ್ತಿಯೂ ಜೊತೆಯಾದರೆ ಅಂಚಿನಲ್ಲಿರುವವರ ಪಾಡೇನು?

ಮತದಾನಕ್ಕೆ ಇನ್ನೊಂದು ಅಪಾಯವೂ ಇದೆ. ವೈಜ್ಞಾನಿಕ ಕಾದಂಬರಿ ಲೋಕದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿಯನ್ನು ನಿರ್ಧರಿಸುವುದು ವಿಶ್ವ ಸಮಾವೇಶದ ಸದಸ್ಯರ ಮತ. 2015ರಲ್ಲಿ ‘ಸ್ಯಾಡ್ ಪಪ್ಪೀಸ್’, ‘ರ‍್ಯಾಬಿಡ್ ಪಪ್ಪೀಸ್’ ಎಂಬ ಗುಂಪುಗಳು ಪಟ್ಟಿ ಹಿಡಿದು ಸಂಘಟಿತವಾಗಿ ನಾಮನಿರ್ದೇಶನ ಮಾಡಿದವು. ಕೆಲವು ವಿಭಾಗಗಳಲ್ಲಿ ಅಂತಿಮ ಕಣವೆಲ್ಲ ಅವರ ಪಾಲಾಯಿತು. ಸಿಟ್ಟಿಗೆದ್ದ ಉಳಿದ ಸದಸ್ಯರು ಐದು ವಿಭಾಗಗಳಲ್ಲಿ ‘ಯಾರಿಗೂ ಪ್ರಶಸ್ತಿಯಿಲ್ಲ’ ಎಂಬುದನ್ನೇ ಗೆಲ್ಲಿಸಿದರು. ಕೊನೆಗೆ ನಾಮನಿರ್ದೇಶನದ ನಿಯಮವನ್ನೇ ಬದಲಿಸಬೇಕಾಯಿತು; ಹೊಸ ಪದ್ಧತಿ 2017ರಲ್ಲಿ ಜಾರಿಗೆ ಬಂತು. ದಶಕಗಳ ಪರಂಪರೆಯ ಪ್ರಶಸ್ತಿಗೇ ಈ ಗತಿಯಾದರೆ, ಪರಸ್ಪರ ಸ್ನೇಹದ ಮೇಲೆ ನಿಂತ ಪುಟ್ಟ ಬಳಗವೊಂದು ಇಂಥ ಬಣ ರಾಜಕೀಯವನ್ನು ತಾಳಿಕೊಂಡೀತೇ?

ಅದೇ ಹ್ಯೂಗೋ 2019ರಲ್ಲಿ, ಡಬ್ಲಿನ್ ಸಮಾವೇಶದಲ್ಲಿ, ಆರ್ಕೈವ್‌ಗೇ ಸಂದಿತು. ಗೌರವ ಸಂದದ್ದು ಇಡೀ ಸಂಗ್ರಹಕ್ಕೆ, ಅದರೊಳಗಿನ ಯಾವುದೇ ಒಂದು ಕಥೆಗಲ್ಲ. ಅದನ್ನು ಸ್ವೀಕರಿಸಿದ ಲೇಖಕಿ ನವೋಮಿ ನೋವಿಕ್, ಸಭೆಯಲ್ಲಿದ್ದ ಆರ್ಕೈವ್‌ನ ಬರಹಗಾರರು, ಓದುಗರನ್ನೆಲ್ಲ ಎದ್ದು ನಿಲ್ಲುವಂತೆ ಕೋರಿದರು. ಒಬ್ಬರನ್ನು ಮೇಲಕ್ಕೆತ್ತದೆ ಎಲ್ಲರನ್ನೂ ಗೌರವಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

2003ರಿಂದ ನಡೆದುಬಂದಿರುವ ‘ಯೂಲ್‌ಟೈಡ್’ ಎಂಬ ಕಥಾ ವಿನಿಮಯ ನನಗೆ ಇನ್ನಷ್ಟು ಪ್ರಿಯವಾದ ಮಾದರಿ. ಹೆಚ್ಚು ಜನ ಬರೆಯದ ಕೃತಿಗಳಿಗೇ ಅಲ್ಲಿ ಜಾಗ. ಪ್ರತಿಯೊಬ್ಬರೂ ತಮಗೆ ಬೇಕಾದ ಕಥೆಯ ಕೋರಿಕೆ ಸಲ್ಲಿಸುತ್ತಾರೆ, ಮತ್ತೊಬ್ಬರ ಕೋರಿಕೆಗೆ ಕನಿಷ್ಠ 1000 ಪದಗಳ ಕಥೆ ಬರೆಯುತ್ತಾರೆ. ಡಿಸೆಂಬರ್ 25ರ ಸುಮಾರಿಗೆ ಕಥೆಗಳು ಹೊರಬಂದರೂ ಬರೆದವರ ಹೆಸರು ಬಹಿರಂಗವಾಗುವುದು ಹೊಸ ವರ್ಷಕ್ಕೆ. ಅಷ್ಟು ದಿನವಾದರೂ ಕಥೆಯನ್ನು ಕಥೆಯಾಗಿಯೇ ಓದಬೇಕು.

ಮತದಾನ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ಜನಪ್ರಿಯತೆಗೆ ‘ಅತ್ಯುತ್ತಮ’ ಎಂಬ ಹೆಸರಿಡದೆ ‘ಜನಪ್ರಿಯ’ ಎಂದೇ ಕರೆಯುವ ಪ್ರಾಮಾಣಿಕತೆ ಇರಲಿ. ಅದರ ಜೊತೆಗೆ, ತಾವು ಮೆಚ್ಚಿದ ಅಪರಿಚಿತ ಕಥೆಯೊಂದನ್ನು ಏಕೆ ಮೆಚ್ಚಿದೆವೆಂದು ನಾಲ್ಕು ಸಾಲು ಬರೆಯುವ ರೂಢಿ ಓದುಗರಲ್ಲಿ ಬೆಳೆಯಲಿ. ಇಪ್ಪತ್ತೇ ಓದುಗರಿರುವ ಬರಹಗಾರರು ಮುಂದಿನ ಕಥೆಗೆ ಕೂರುವುದು ಅಂಥ ಸಾಲುಗಳ ಬಲದಿಂದಲೇ.