ಮುದಿ ಎತ್ತಿನ ಬೀಳ್ಕೊಡುಗೆ: ಒಂದು ದೈವಶಾಸ್ತ್ರೀಯ ವಿವೇಚನೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಭೂಮಿಯಲ್ಲಿ ಎತ್ತು ಒಕ್ಕಲುತನದ ಸಾಧನ ಮಾತ್ರವಲ್ಲ. ಹೆಸರಿಟ್ಟು ಕರೆಯುವ ಮನೆಯ ಜೀವ. ಕಾರಹುಣ್ಣಿಮೆಯಂದು ಅದನ್ನು ಸಿಂಗರಿಸಿ ಮೆರೆಸುತ್ತಾರೆ. ಅದೇ ಎತ್ತು ಹಲ್ಲು ಸವೆದು ನೊಗ ಹೊರಲಾರದಾದಾಗ ಮನೆಯವರ ಮುಂದೆ ಕಠಿಣವಾದ ಪ್ರಶ್ನೆ ಏಳುತ್ತದೆ. ಬರಗಾಲದಲ್ಲಿ ದುಡಿಯದ ಪಶುವಿಗೂ ಜೋಳದ ಕಣಿಕೆಯನ್ನು ಒದಗಿಸಬೇಕು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಅಧಿನಿಯಮದಂತೆ ಅದನ್ನು ವಧೆಗೆ ಮಾರುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ, ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಸಕಾರಣವಿಲ್ಲದೆ ಬಿಟ್ಟುಬಿಡುವುದೂ ಅಪರಾಧ. ಕಾನೂನು ಮಾಡಬಾರದ್ದನ್ನು ತಿಳಿಸುತ್ತದೆ. ಮಾಡತಕ್ಕದ್ದೇನೆಂಬುದನ್ನು ನಾವು ಸತ್ಯವೇದದಲ್ಲಿ ಅರಸಬೇಕು.

ವಿಮೋಚನಕಾಂಡ 23:12 ಏಳನೆಯ ದಿನದ ವಿಶ್ರಾಂತಿಗೆ ಕಾರಣ ಕೊಡುವಾಗ ಎತ್ತನ್ನೂ ಕತ್ತೆಯನ್ನೂ ಮೊದಲು ಹೆಸರಿಸುತ್ತದೆ. ದಾಸಿಯ ಮಗನೂ ಪರದೇಶಿಯೂ ಆಮೇಲೆ ಬರುತ್ತಾರೆ. ಧರ್ಮೋಪದೇಶಕಾಂಡ 25:4 ಕಣ ತುಳಿಯುವ ಎತ್ತಿನ ಬಾಯಿ ಕಟ್ಟುವುದನ್ನು ನಿಷೇಧಿಸುತ್ತದೆ. ಪೌಲನು 1 ಕೊರಿಂಥ 9:9ರಲ್ಲಿ ಇದನ್ನು ಸುವಾರ್ತೆಯ ಸೇವಕರ ಜೀವನಾಧಾರಕ್ಕೆ ಅನ್ವಯಿಸಿ, ದೇವರ ಚಿಂತೆ ಎತ್ತುಗಳಿಗಾಗಿಯೋ ಎಂದು ಕೇಳುತ್ತಾನೆ. ಈ ಮಾತಿನಿಂದ ದೇವರಿಗೆ ಪಶುಗಳ ಚಿಂತೆಯಿಲ್ಲವೆಂದು ತೀರ್ಮಾನಿಸುವವರುಂಟು. ಆದರೆ ಎತ್ತಿಗೆ ಸಲ್ಲುವ ನ್ಯಾಯವು ನಿಜವಾಗಿರುವುದರಿಂದಲೇ ಅದು ಮನುಷ್ಯನಿಗೆ ಇನ್ನಷ್ಟು ಸಲ್ಲುತ್ತದೆಂಬ ವಾದವು ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಗಾದರೆ ಮುಪ್ಪಿನ ವಿಶ್ರಾಂತಿಯು ಎತ್ತಿಗೆ ನಾವು ತೋರುವ ಕರುಣೆ ಮಾತ್ರವಲ್ಲ, ಅದರ ದುಡಿಮೆಗೆ ಸಲ್ಲತಕ್ಕ ಬಾಕಿ.

ಈ ಬಾಕಿ ತೀರುವುದು ದಿನನಿತ್ಯದ ಆರೈಕೆಯಿಂದ. ಸವೆದ ಹಲ್ಲಿಗೆ ನೆನೆಸಿದ ಮೆತ್ತಗಿನ ಮೇವು, ಬಾಯಿಗೆಟಕುವಂತೆ ನೀರು, ಒಣಹುಲ್ಲಿನ ಹಾಸಿಗೆ ಬೇಕು. ಏಳಲಾರದ ಎತ್ತನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು; ನೋವು ತಗ್ಗಿಸಲು ಪಶುವೈದ್ಯರನ್ನು ಕರೆಯಬೇಕು. ಮೇವಿನ ವೆಚ್ಚ ಬಡ ಕುಟುಂಬಕ್ಕೆ ಮೀರಿದ್ದಾದರೆ ಸಭೆಯು ಉಪದೇಶಕ್ಕೆ ಮುಂಚೆ ಒಂದು ಹೊರೆ ಕಣಿಕೆಯನ್ನು ಕೊಡಲಿ. ಆ ಮನೆಯವರು ಒಬ್ಬರೇ ಹೊರಬೇಕಾದ ಭಾರ ಇದಲ್ಲ.

ಎತ್ತು ಸತ್ತಾಗ ಮಕ್ಕಳು ಕೇಳುವರು: ಅದು ಪರಲೋಕಕ್ಕೆ ಹೋಯಿತೇ? ಸಭಾಪಾಲಕರು ನಕ್ಕು ತಳ್ಳಿಹಾಕಬಾರದು. ಸತ್ಯವೇದವು ಹೇಳದಿರುವ ಭರವಸೆಯನ್ನೂ ಕೊಡಬಾರದು. ಒಂದೊಂದು ಪಶುವಿನ ಪುನರುತ್ಥಾನದ ವಿಷಯದಲ್ಲಿ ಸತ್ಯವೇದವು ಮೌನವಾಗಿದೆ. ಆದರೆ ನೋಹನೊಂದಿಗಿನ ಒಡಂಬಡಿಕೆಯಲ್ಲಿ ಪಶುಗಳೂ ಸೇರಿವೆ. ಗುಬ್ಬಿಯೂ ದೇವರ ನೆನಪಿನಲ್ಲಿದೆಯೆಂದು ಯೇಸುಸ್ವಾಮಿ ಕಲಿಸಿದನು. ನರಳುವ ಸೃಷ್ಟಿಗೆಲ್ಲ ಬಿಡುಗಡೆಯ ನಿರೀಕ್ಷೆಯಿದೆಯೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ ಸಾರುತ್ತದೆ. ಇಷ್ಟನ್ನು ಮಗುವಿಗೆ ಧೈರ್ಯವಾಗಿ ಹೇಳಬಹುದು.

ಮಣ್ಣು ಮಾಡುವಾಗ ಮನುಷ್ಯರ ಶವಸಂಸ್ಕಾರದ ಕ್ರಮವನ್ನು ಬಳಸುವುದು ಯುಕ್ತವಲ್ಲ. ಮನೆಯವರು ಕೂಡಿ, ಅದರ ಹೆಸರು ಹೇಳಿ, ಅದು ಉತ್ತ ಹೊಲಕ್ಕಾಗಿಯೂ ಉಣಿಸಿದ ಅನ್ನಕ್ಕಾಗಿಯೂ ಸೃಷ್ಟಿಕರ್ತನಿಗೆ ಸ್ತೋತ್ರ ಸಲ್ಲಿಸಲಿ. ನಮ್ಮ ರೈತರ ಗ್ವಾದಲಿಯೇ ಸುವಾರ್ತೆಯ ಗೋದಲಿ; ಕರ್ತನನ್ನು ಮೊದಲು ಮಲಗಿಸಿದ್ದು ಅಲ್ಲಿ. ಬರಿದಾದ ಗ್ವಾದಲಿಯ ಮುಂದೆ ಸುರಿಸುವ ಕಣ್ಣೀರಿಗಾಗಿ ಯಾವ ವಿಶ್ವಾಸಿಯೂ ನಾಚಬೇಕಾಗಿಲ್ಲ.