ಗೋಳಗುಮ್ಮಟದ ಮ್ಯೂಸಿಯಂ: ಮನೆಮಂದಿ ಎಲ್ಲ ಹೋಗೋ ಹಂಗ ಇರಬೇಕಂದ್ರ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಕೇಳ್ತಿರೋ ಗೆಳೆಯರಿಗೆ ಇವತ್ತೊಂದು ಪ್ರಶ್ನೆ. ರಜೆಯಾಗ ಮನೆಮಂದಿ ಸೇರಿ ವಿಜಯಪುರಕ್ಕೆ ಗೋಳಗುಮ್ಮಟ ನೋಡಾಕ ಹೊಂಟಾಗ ಮನ್ಯಾಗ ಉಳಿಯೋರು ಯಾರು? ಮೊಣಕಾಲು ನೋವಿರೋ ಆಯಿ, ವೀಲ್‌ಚೇರ್ ಬಳಸೋ ಕಾಕಾ, ಕಣ್ಣು ಕಾಣದ ತಂಗಿ. ಅವರನ್ನ ನೋಡ್ಕೊಳ್ಳಾಕ ಇನ್ನೊಬ್ಬರೂ ಉಳೀತಾರ. ಕಾಮರ್ಸ್ ಓದಿದ ನನ್ನ ಲೆಕ್ಕ ಇಷ್ಟ: ಒಬ್ಬರಿಗೆ ದಾರಿ ಇಲ್ಲಂದ್ರ ಮ್ಯೂಸಿಯಂ ಕಳ್ಕೊಳ್ಳೋದು ಒಬ್ಬರನ್ನಲ್ಲ, ಕನಿಷ್ಠ ಇಬ್ಬರನ್ನ.

ಗುಮ್ಮಟದ ಮುಂದ ನಗಾರಖಾನೆ ಅನ್ನೋ ಕಟ್ಟಡ ಅದ. ಅಲ್ಲೇ ಮ್ಯೂಸಿಯಂ ಇರೋದು. ಶುರುವಾದದ್ದು 1892ರಲ್ಲಿ. 1982ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ, ಅಂದ್ರ ಎಎಸ್‌ಐ, ಅದನ್ನ ನಡೆಸ್ತಾ ಇದೆ. ಶಿಲ್ಪಗಳು, ಶಾಸನಗಳು, ಹಸ್ತಪ್ರತಿ, ಆದಿಲ್‌ಶಾಹಿ ಕಾಲದ ಜಮಖಾನೆ, ಆಯುಧ, ಎಲ್ಲಾ ಅಲ್ಲಿ ಅವ.

ಒಂದೇ ಆವರಣದಾಗ ಎರಡು ತರದ ಅಡ್ಡಿ ನೋಡ್ರಿ. 1656ರಲ್ಲಿ ಮುಗಿದ ಗುಮ್ಮಟದ ಮಜಾ ಇರೋದು ಕಿವಿಗೆ. ಮ್ಯಾಲಿನ ಗ್ಯಾಲರಿಯಾಗ ಪಿಸುಗುಟ್ಟಿದ್ರ ಎದುರು ಗೋಡೆ ಹತ್ರ ಕೇಳಿಸ್ತದ. ಕಣ್ಣು ಕಾಣದವರಿಗೂ ಅದು ಪೂರ್ತಿ ಸಿಗ್ತದ. ಆದ್ರ ಅಲ್ಲಿಗೆ ಹೋಗಬೇಕಂದ್ರ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲೇ ಗತಿ, ವೀಲ್‌ಚೇರ್ ಹತ್ತೂದಿಲ್ಲ. ಮ್ಯೂಸಿಯಂ ಇದರ ಉಲ್ಟಾ. ಅಲ್ಲಿ ವಸ್ತು ಗಾಜಿನ ಹಿಂದೆ, ವಿವರ ಬೋರ್ಡಿನ ಮ್ಯಾಲ. ಕಣ್ಣು ಕಾಣದವರು ಒಳಗೆ ಬಂದ್ರೂ ಅವರಿಗೆ ಏನೂ ಸಿಗೂದಿಲ್ಲ. ಹಂಗಾಗಿ ಬರೇ ರ‍್ಯಾಂಪ್ ಹಾಕಿ ಕೈ ತೊಳ್ಕೊಂಡ್ರ ಆಗೂದಿಲ್ಲ. ಮನುಷ್ಯ ಒಳಗೆ ಬರಬೇಕು, ವಸ್ತುವಿನ ಕಥೆಯೂ ಅವನಿಗೆ ಮುಟ್ಟಬೇಕು.

ರ‍್ಯಾಂಪ್‌ಗೂ ಲೆಕ್ಕ ಅದ. ಸಾಮಾನ್ಯ ಅಳತೆ 1:12. ಎರಡು ಅಡಿ ಎತ್ತರದ ಕಟ್ಟೆಗೆ 24 ಅಡಿ ಉದ್ದ ಬೇಕು. ಅದಕ್ಕಿಂತ ಗಿಡ್ಡ ಮಾಡಿದ್ರ ಇಳಿಜಾರು ಕಡಿದಾಗ್ತದ, ತಳ್ಳೋರಿಗೂ ಕಷ್ಟ, ಕೂತೋರಿಗೂ ಭಯ.

ಹಳೇ ಗೋಡೆ ಒಡೆದು ಲಿಫ್ಟ್ ಕೂಡಿಸ್ರಿ ಅಂತ ಯಾರೂ ಕೇಳೂದಿಲ್ಲ. ಮ್ಯಾಲ ಹತ್ತಲಾಗದವರಿಗೆ ಕೆಳಗೇ ಗ್ಯಾಲರಿಯ ವಿಡಿಯೋ ತೋರಿಸಿ, ಹೆಡ್‌ಫೋನಿನಾಗ ಆ ಪಿಸುಮಾತು ಕೇಳಿಸಬಹುದು. ಕಿವಿ ಕೇಳದವರಿಗೆ ಅದೇ ವಿಡಿಯೋದಾಗ ಕನ್ನಡ ಅಕ್ಷರ ಮತ್ತು ಸನ್ನೆ ಭಾಷೆ ಹಾಕಬಹುದು.

ಶಾಸನಗಳದ್ದು ಇನ್ನೂ ಸ್ವಾರಸ್ಯ. ಕನ್ನಡ ಶಾಸನದ ಅಕ್ಷರ ಸಾಮಾನ್ಯವಾಗಿ ಕಲ್ಲಿನ ಒಳಗೆ ಕೊರೆದಿರ್ತದ. ಪರ್ಷಿಯನ್ ಅಕ್ಷರ ಹೆಚ್ಚಾಗಿ ಕಲ್ಲಿನಿಂದ ಉಬ್ಬಿರ್ತದ. ಪ್ಲಾಸ್ಟರ್ ಅಚ್ಚು ಮಾಡಿ ಟೇಬಲ್ ಮ್ಯಾಲ ಇಟ್ರ ಈ ವ್ಯತ್ಯಾಸ ಬೆರಳಿಗೇ ಗೊತ್ತಾಗ್ತದ. ಅದನ್ನ ಮುಟ್ಟಾಕ ಮೊದಲು ಓಡಿ ಬರೋರು ಸಣ್ಣ ಹುಡುಗರು! ದೆಹಲಿಯ ನ್ಯಾಷನಲ್ ಮ್ಯೂಸಿಯಂ 2015ರಲ್ಲೇ ‘ಅನುಭವ್’ ಅಂತ ಮುಟ್ಟಿ ನೋಡೋ ಗ್ಯಾಲರಿ ತೆರೆದದ. ಇದರ ಜೊತೆಗೆ ಕೂಡಾಕ ಬೆಂಚು, ದೊಡ್ಡ ಅಕ್ಷರದ ಬೋರ್ಡು, ಕ್ಯೂಆರ್ ಕೋಡ್ ಒತ್ತಿದ್ರ ನಮ್ಮ ಭಾಷೆಯಾಗ ಆಡಿಯೋ ಇದ್ರ ಆಯಿಗೂ ಅನುಕೂಲ, ಎಂಟು ವರ್ಷದ ಮಗುಗೂ ಅನುಕೂಲ.

ಇದು ಯಾರೋ ಮಾಡೋ ದಯೆ ಅಲ್ಲ, ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪ್ರಕಾರ, ನಿಯಮ ಬಂದ 5 ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳೂ ಎಲ್ಲರಿಗೂ ಸುಗಮ ಆಗಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಈ ಮಾನದಂಡಗಳು ಬರೇ ಸಲಹೆ ಆಗಿದ್ರ ಸಾಲದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಹೇಳ್ತು.

ಈಗ ನಿಮ್ಮ ಕೈಯಾಗಿರೋ ಕೆಲಸ. ಮುದ್ದೇಬಿಹಾಳದಿಂದ ವಿಜಯಪುರ ಎಂಬತ್ತು ಕಿಲೋಮೀಟರಿನ ಹತ್ತಿರ. ಅಷ್ಟು ದೂರ ಬಂದು ಬಾಗಿಲಿನಿಂದ ವಾಪಸ್ ಹೋಗೋದು ಬ್ಯಾಡ. ಮೊದಲೇ ವಿಚಾರಿಸ್ರಿ: ವೀಲ್‌ಚೇರ್ ಸಿಗ್ತದೇನು? ಮೆಟ್ಟಿಲು ಎಷ್ಟು? ಟಾಯ್ಲೆಟ್ ಬಾಗಿಲು ಅಗಲ ಅದ ಏನು? ಅಂದ ಹಾಗೆ, ಎಎಸ್‌ಐ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಹೋದಾಗ ಎಲ್ಲಿ ಅಡ್ಡಿ ಆಯ್ತೋ ಅಲ್ಲೇ ಒಂದು ಫೋಟೋ ತೆಗೀರಿ. ಕೇಂದ್ರ ಸರ್ಕಾರದ ‘ಸುಗಮ್ಯ ಭಾರತ್’ ಆ್ಯಪ್‌ನಾಗ ಫೋಟೋ ಸಮೇತ ದೂರು ಹಾಕಬಹುದು. ಅದರಿಂದಲೂ ಕೆಲಸ ಆಗದಿದ್ರ ಅಂಗವಿಕಲರ ಹಕ್ಕುಗಳಿಗಾಗಿ ಆಯುಕ್ತರು ಇದ್ದಾರ, ಅವರಿಗೆ ಬರೀರಿ. ದೂರಿನಾಗ ‘ತೊಂದರೆ ಆಯ್ತು’ ಅಂತ ಬರೆದು ಬಿಡಬ್ಯಾಡ್ರಿ. ‘ಈ ಬಾಗಿಲು, ಇಷ್ಟು ಮೆಟ್ಟಿಲು, ಕೈಗಂಬಿ ಇಲ್ಲ’ ಅಂತ ಬರೀರಿ. ಲೆಕ್ಕ ಕೊಟ್ಟು ಕೇಳಿದ್ರ ಉತ್ತರ ಕೊಡದೆ ಜಾರ್ಕೊಳ್ಳೋದು ಕಷ್ಟ.

ಮುಂದಿನ ಸಂಚಿಕೆಯಾಗ ಸಿಗೋಣ. ಈ ಆಡಿಯೋನ ಮನೆ ಗ್ರೂಪಿಗೆ ಹಾಕ್ರಿ. ಮುಂದಿನ ಟ್ರಿಪ್ಪಿನ ಪಟ್ಟಿಯಾಗ ಆಯಿ ಹೆಸರು ಮೊದಲು ಬರೀರಿ.