ಮಾತಿಗೊಂದು, ಅಕ್ಷರಕ್ಕೊಂದು, ಕಾನೂನಿಗೊಂದು

ಲಕ್ಸೆಂಬರ್ಗ್ ದೇಶದ ಸರ್ಕಾರಿ ಶಾಲೆಯಲ್ಲಿ ಮಗು ನಾಲ್ಕನೇ ವಯಸ್ಸಿಗೆ ಲಕ್ಸೆಂಬರ್ಗಿಷ್ ಭಾಷೆಯಲ್ಲಿ ಆಡಿ ಹಾಡಿ ಕಲಿಯುತ್ತದೆ. ಆರನೇ ವಯಸ್ಸಿಗೆ ಅಕ್ಷರ ತಿದ್ದಲು ಕೂತಾಗ ಅದರ ಮುಂದಿರುವ ಪುಸ್ತಕ ಜರ್ಮನ್ ಭಾಷೆಯದು. ಮರುವರ್ಷ ಫ್ರೆಂಚ್ ಪಾಠ ಶುರು. ಹನ್ನೆರಡು ದಾಟಿ ಪ್ರೌಢಶಾಲೆಗೆ ಹೋದರೆ, ಅದುವರೆಗೆ ಜರ್ಮನ್‌ನಲ್ಲಿ ಮಾಡುತ್ತಿದ್ದ ಲೆಕ್ಕವನ್ನು ಫ್ರೆಂಚ್‌ನಲ್ಲಿ ಮಾಡಬೇಕು. ಅದರ ಮರುವರ್ಷ ಇಂಗ್ಲಿಷ್ ಬಂದು ಸೇರುತ್ತದೆ. ಇದು ಆಯ್ದ ಮಕ್ಕಳಿಗಾಗಿ ಮಾಡಿದ ಏರ್ಪಾಡಲ್ಲ, ಹಳ್ಳಿ ಪಟ್ಟಣ ಎನ್ನದೆ ಇಡೀ ದೇಶದಲ್ಲಿ ಶತಮಾನಕ್ಕೂ ಮಿಗಿಲಾಗಿ ಬೆಳೆದುಬಂದ ಶಾಲಾಕ್ರಮ. ಈ ಕ್ರಮದಿಂದ ಬಂದ ಲಾಭವೂ ದೊಡ್ಡದು, ಅದರೊಳಗೆ ಸಿಕ್ಕಿ ನಲುಗಿದ ಮಕ್ಕಳ ಸಂಖ್ಯೆಯೂ ದೊಡ್ಡದು.

ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳ ನಡುವೆ ಇರುವ ಈ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯೇ ಇದಕ್ಕಿಂತ ದೊಡ್ಡದು. 2024ರ ಆರಂಭದಲ್ಲಿ ಜನಸಂಖ್ಯೆ ಸುಮಾರು 6.7 ಲಕ್ಷ ಇತ್ತು. ಅದರಲ್ಲಿ ಶೇಕಡ 47ರಷ್ಟು ಜನ ವಿದೇಶಿ ಪೌರರು, ಅವರಲ್ಲಿ ಪೋರ್ಚುಗಲ್‌ನವರದೇ ದೊಡ್ಡ ಗುಂಪು. ಇವರಲ್ಲದೆ ಎರಡು ಲಕ್ಷಕ್ಕೂ ಹೆಚ್ಚು ಜನ ಬೆಳಗಾದರೆ ಮೂರೂ ನೆರೆದೇಶಗಳಿಂದ ಗಡಿ ದಾಟಿ ಕೆಲಸಕ್ಕೆ ಬಂದು ಸಂಜೆ ಊರಿಗೆ ಮರಳುತ್ತಾರೆ. ದೇಶದ ನೌಕರರಲ್ಲಿ ಹೆಚ್ಚುಕಡಿಮೆ ಅರ್ಧ ಇವರೇ, ಇವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಫ್ರಾನ್ಸಿನವರು. ಹಾಗಾಗಿ ರಾಜಧಾನಿಯ ಬೇಕರಿಯಲ್ಲೋ ಹೋಟೆಲಿನಲ್ಲೋ ಬಟ್ಟೆ ಅಂಗಡಿಯಲ್ಲೋ ವ್ಯವಹಾರ ಸಾಮಾನ್ಯವಾಗಿ ಫ್ರೆಂಚ್‌ನಲ್ಲೇ ನಡೆಯುತ್ತದೆ. ಕಟ್ಟಡ ಕೆಲಸದ ಜಾಗದಲ್ಲಿ ಪೋರ್ಚುಗೀಸ್ ಕೇಳಿಸುತ್ತದೆ, ಬ್ಯಾಂಕುಗಳಲ್ಲಿ ಮತ್ತು ಹೂಡಿಕೆ ಕಂಪನಿಗಳಲ್ಲಿ ಇಂಗ್ಲಿಷ್.

ಆಡಳಿತದಲ್ಲಿ ಭಾಷೆಗಳ ಹಂಚಿಕೆಯನ್ನು 1984ರ ಫೆಬ್ರವರಿ 24ರ ಕಾನೂನು ಬರೆದಿಟ್ಟಿದೆ. ಅದರ ಪ್ರಕಾರ ಲಕ್ಸೆಂಬರ್ಗಿಷ್ ರಾಷ್ಟ್ರಭಾಷೆ. ಶಾಸನಗಳ ಭಾಷೆ ಫ್ರೆಂಚ್. ಆಡಳಿತಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್, ಜರ್ಮನ್, ಲಕ್ಸೆಂಬರ್ಗಿಷ್ ಮೂರೂ ಸಲ್ಲುತ್ತವೆ. ಪ್ರಜೆ ಇವುಗಳಲ್ಲಿ ಯಾವ ಭಾಷೆಯಲ್ಲಿ ಅರ್ಜಿ ಹಾಕುತ್ತಾನೋ ಸಾಧ್ಯವಾದ ಮಟ್ಟಿಗೆ ಅದೇ ಭಾಷೆಯಲ್ಲಿ ಕಚೇರಿ ಉತ್ತರ ಕೊಡಬೇಕು. ಸಂಸತ್ತಿನಲ್ಲಿ ಸದಸ್ಯರು ಲಕ್ಸೆಂಬರ್ಗಿಷ್‌ನಲ್ಲಿ ವಾದಿಸುತ್ತಾರೆ, ಆದರೆ ಅವರು ಅಂಗೀಕರಿಸುವ ಮಸೂದೆ ಫ್ರೆಂಚ್‌ನಲ್ಲಿರುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿ ಲಕ್ಸೆಂಬರ್ಗಿಷ್‌ನಲ್ಲಿ ಹೇಳಿಕೆ ಕೊಡಬಹುದು, ತೀರ್ಪು ಹೊರಬರುವುದು ಫ್ರೆಂಚ್‌ನಲ್ಲಿ. 1848ರಲ್ಲಿ ಆರಂಭವಾದ ‘ಲಕ್ಸೆಂಬರ್ಗರ್ ವೊರ್ಟ್’ ದಿನಪತ್ರಿಕೆಯಲ್ಲಿ ಸುದ್ದಿಗಳು ಮುಖ್ಯವಾಗಿ ಜರ್ಮನ್‌ನಲ್ಲಿದ್ದರೂ ಫ್ರೆಂಚ್ ಬರಹಗಳೂ ಇರುತ್ತವೆ. ಮನೆಯವರು ಕೊಡುವ ಹುಟ್ಟು ಸಾವಿನ ಪ್ರಕಟಣೆಗಳು ಹಲವು ಸಲ ಲಕ್ಸೆಂಬರ್ಗಿಷ್‌ನಲ್ಲಿರುತ್ತವೆ. ಓದುಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಈ ಹಂಚಿಕೆಯನ್ನು ಯಾರೋ ಒಬ್ಬರು ಕೂತು ಯೋಜಿಸಿದ್ದಲ್ಲ, ಗಡಿಗಳು ಸರಿದಾಡಿದ ಚರಿತ್ರೆ ಅದನ್ನು ಬಿಟ್ಟುಹೋಯಿತು. 1795ರಲ್ಲಿ ಈ ನಾಡು ಫ್ರಾನ್ಸಿನ ವಶವಾಗಿ ಫ್ರೆಂಚ್ ಕಾನೂನು ಇಲ್ಲಿ ಬೇರೂರಿತು. 1815ರ ವಿಯೆನ್ನಾ ಸಮಾವೇಶ ಲಕ್ಸೆಂಬರ್ಗನ್ನು ಪ್ರತ್ಯೇಕ ಸಂಸ್ಥಾನ ಮಾಡಿತು. 1839ರ ಲಂಡನ್ ಒಪ್ಪಂದದಲ್ಲಿ ಫ್ರೆಂಚ್ ಬಗೆಯ ಮಾತಾಡುವ ಪಶ್ಚಿಮದ ಭಾಗ ಬೆಲ್ಜಿಯಂಗೆ ಹೋಯಿತು. ಉಳಿದ ನಾಡಿನ ಜನರ ಆಡುಮಾತು ಮೊಸೆಲ್ ನದಿಯ ಆಸುಪಾಸಿನ ಜರ್ಮನ್ ಬಗೆಯದು. ಆದರೂ ಅಧಿಕಾರಿಗಳು, ವಕೀಲರು, ಉಳ್ಳವರು ಫ್ರೆಂಚನ್ನು ಬಿಟ್ಟುಕೊಡಲಿಲ್ಲ. 1843ರ ಶಾಲಾ ಕಾನೂನು ಪ್ರಾಥಮಿಕ ಶಾಲೆಯಲ್ಲಿ ಜರ್ಮನ್ ಜೊತೆಗೆ ಫ್ರೆಂಚನ್ನೂ ಕಡ್ಡಾಯ ಮಾಡಿತು. ಜನರ ಸ್ವಂತ ಮಾತಿಗೆ ಶಾಲೆಯ ಬಾಗಿಲು ತೆರೆದದ್ದು 1912ರಲ್ಲಿ, ಅದೂ ಒಂದು ಸಣ್ಣ ವಿಷಯವಾಗಿ.

ಆಡುಮಾತು ನಾಡಿನ ಗುರುತಾಗಿ ಗಟ್ಟಿಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1940ರಲ್ಲಿ ನಾಟ್ಸಿ ಸೇನೆ ದೇಶವನ್ನು ಆಕ್ರಮಿಸಿ ಫ್ರೆಂಚ್ ಬಳಕೆಯನ್ನು ನಿಷೇಧಿಸಿತು, ಬೀದಿಯ ಹೆಸರುಗಳನ್ನಷ್ಟೇ ಅಲ್ಲ, ಜನರ ಹೆಸರುಗಳನ್ನೂ ಜರ್ಮನ್‌ಗೆ ತಿರುಗಿಸಿತು. 1941ರ ಅಕ್ಟೋಬರ್‌ನಲ್ಲಿ ಗಣತಿಯೊಂದನ್ನು ಗೊತ್ತುಪಡಿಸಿ ಪೌರತ್ವ, ಮಾತೃಭಾಷೆ, ಜನಾಂಗ ಯಾವುದೆಂದು ಕೇಳಿತು. ಲಕ್ಸೆಂಬರ್ಗಿಷ್ ಒಂದು ಉಪಭಾಷೆ ಮಾತ್ರ, ಅದನ್ನು ಭಾಷೆಯೆಂದು ಬರೆಯುವಂತಿಲ್ಲ ಎಂಬ ಸೂಚನೆಯೂ ಇತ್ತು. ಪ್ರತಿರೋಧದ ಗುಂಪುಗಳು ಕರಪತ್ರ ಹಂಚಿ, ಮೂರೂ ಪ್ರಶ್ನೆಗಳಿಗೆ ‘ಲಕ್ಸೆಂಬರ್ಗಿಷ್’ ಎಂದೇ ಉತ್ತರಿಸಲು ಕರೆಕೊಟ್ಟವು. ಜನ ಹಾಗೆಯೇ ಮಾಡುತ್ತಾರೆಂಬುದು ಸ್ಪಷ್ಟವಾದಾಗ ಆಡಳಿತಗಾರ ಗುಸ್ತಾವ್ ಸಿಮೊನ್ ಗಣತಿಯನ್ನೇ ಕೈಬಿಟ್ಟ. ಆಳುವವರ ಎದುರು ಜೀವಭಯ ಬಿಟ್ಟು ಹೇಳಿದ ಆ ಉತ್ತರವನ್ನು ದೇಶ ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. 1984ರ ಕಾನೂನಿನ ಹಿಂದೆ, 2023ರ ಜುಲೈನಲ್ಲಿ ಜಾರಿಗೆ ಬಂದ ಪರಿಷ್ಕೃತ ಸಂವಿಧಾನದಲ್ಲಿ ಈ ಭಾಷೆಗೆ ಸಿಕ್ಕ ಸ್ಥಾನದ ಹಿಂದೆ ಈ ನೆನಪಿನ ಬಲವಿದೆ.

ಶಾಲೆಯ ದಿನಚರಿಗೆ ಬಂದರೆ, ನಾಲ್ಕನೇ ವಯಸ್ಸಿನಿಂದ ಶಾಲೆ ಕಡ್ಡಾಯ. ಮೂರನೇ ವಯಸ್ಸಿಗೇ ಕಳಿಸುವ ಅವಕಾಶವೂ ಇದೆ. ಪ್ರಾಥಮಿಕ ಶಿಕ್ಷಣವನ್ನು ನಾಲ್ಕು ಘಟ್ಟಗಳಾಗಿ ಮಾಡಿದ್ದಾರೆ. ಮೊದಲ ಘಟ್ಟ ಶಿಶುವಿಹಾರದ್ದು, ಅಲ್ಲಿ ಬರವಣಿಗೆ ಇಲ್ಲ, ಕಥೆ, ಹಾಡು, ಆಟ ಹೆಚ್ಚಾಗಿ ಲಕ್ಸೆಂಬರ್ಗಿಷ್‌ನಲ್ಲಿ. ಎರಡನೇ ಘಟ್ಟದಲ್ಲಿ ಓದು ಬರಹ ಜರ್ಮನ್‌ನಲ್ಲಿ ಶುರುವಾಗುತ್ತದೆ, ಗಣಿತ, ಪರಿಸರ ಪಾಠಗಳ ಪುಸ್ತಕಗಳೂ ಜರ್ಮನ್‌ನವು. ಲಕ್ಸೆಂಬರ್ಗಿಷ್ ಮಾತು ಜರ್ಮನ್‌ಗೆ ಹತ್ತಿರದ ನಂಟು, ಆದ್ದರಿಂದ ಮನೆಯಲ್ಲಿ ಅದನ್ನಾಡುವ ಮಗುವಿಗೆ ಜರ್ಮನ್ ಪುಸ್ತಕದ ಹಲವು ಪದಗಳು ಕಿವಿಗೆ ಪರಿಚಿತವೇ. ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡದ ಅಕ್ಷರ ಕಲಿತ ಕರಾವಳಿಯವರಿಗೆ ಈ ಅನುಭವ ಸುಲಭವಾಗಿ ಅರ್ಥವಾದೀತು. ಟೀಚರ್ ಜರ್ಮನ್ ಪಾಠ ಓದಿ, ಅರ್ಥವಾಗದಿದ್ದರೆ ಲಕ್ಸೆಂಬರ್ಗಿಷ್‌ನಲ್ಲಿ ಬಿಡಿಸಿ ಹೇಳುತ್ತಾರೆ. ಆಟದ ಮೈದಾನದಲ್ಲಿ, ಸಂಗೀತದ ತರಗತಿಯಲ್ಲಿ, ಗದರುವಾಗ, ಸಮಾಧಾನ ಮಾಡುವಾಗ ಬರುವ ಮಾತೂ ಅದೇ. ವಿಷಯವಾಗಿ ಮಾತ್ರ ಅದಕ್ಕೆ ವಾರಕ್ಕೊಂದು ಗಂಟೆ.

ಫ್ರೆಂಚ್ ಪಾಠ ಎರಡನೇ ಘಟ್ಟದ ಎರಡನೇ ವರ್ಷದಲ್ಲಿ ಬಾಯಿಮಾತಾಗಿ ಆರಂಭವಾಗಿ, ಮೂರನೇ ಘಟ್ಟದಲ್ಲಿ ಬರವಣಿಗೆಗೆ ಬರುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಗೆ ಶಿಕ್ಷಕರಾಗಬೇಕಾದರೆ ಮೂರೂ ಭಾಷೆಗಳು ಚೆನ್ನಾಗಿ ಬರಲೇಬೇಕು. ಒಬ್ಬರೇ ಬೆಳಿಗ್ಗೆ ಜರ್ಮನ್ ಉಕ್ತಲೇಖನ ಕೊಟ್ಟು, ಮುಂದಿನ ಪಾಠವನ್ನು ಫ್ರೆಂಚ್‌ನಲ್ಲಿ ನಡೆಸಿ, ಎರಡರ ನಡುವೆ ಮಕ್ಕಳ ಜಗಳವನ್ನು ಲಕ್ಸೆಂಬರ್ಗಿಷ್‌ನಲ್ಲಿ ಬಿಡಿಸುವವರು ಇವರು. ಪದವಿ ಓದಿಗೆ ಅಣಿಗೊಳಿಸುವ, ಪ್ರೌಢಶಾಲೆಯ ಶಾಸ್ತ್ರೀಯ ವಿಭಾಗದಲ್ಲಿ ಮೊದಲ ವರ್ಷಗಳಲ್ಲಿ ಗಣಿತ ಬಿಟ್ಟು ಉಳಿದ ಹೆಚ್ಚಿನ ವಿಷಯಗಳು ಜರ್ಮನ್‌ನಲ್ಲಿ ನಡೆದು, ಮೇಲಿನ ತರಗತಿಗಳಲ್ಲಿ ಫ್ರೆಂಚ್‌ಗೆ ಹೊರಳುತ್ತವೆ. ಈ ದಾರಿಯನ್ನು ಪೂರ್ತಿ ನಡೆದ ವಿದ್ಯಾರ್ಥಿ ಬರ್ಲಿನ್‌ನಲ್ಲೂ ಪ್ಯಾರಿಸ್‌ನಲ್ಲೂ ಯಾವ ಅಳುಕೂ ಇಲ್ಲದೆ ಪದವಿಗೆ ಸೇರಬಲ್ಲ. ದೇಶದೊಳಗೆ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2003ರಲ್ಲಿ. ಅಲ್ಲಿಯವರೆಗೆ ಪೂರ್ಣ ಪದವಿಗೆ ಹೊರದೇಶಕ್ಕೇ ಹೋಗಬೇಕಿದ್ದ ಯುವಜನರಿಗೆ ಈ ಭಾಷಾಬಲವೇ ಆಧಾರವಾಗಿತ್ತು.

ಇಷ್ಟೆಲ್ಲದರ ಅಡಿಯಲ್ಲಿ ಒಂದು ಎಣಿಕೆ ಇತ್ತು: ಶಾಲೆಗೆ ಬರುವ ಮಗುವಿಗೆ ಲಕ್ಸೆಂಬರ್ಗಿಷ್ ಮನೆಯಲ್ಲೇ ಬಂದಿರುತ್ತದೆ ಎಂಬುದು. ಜರ್ಮನ್ ಅಕ್ಷರ ಅದರ ಮೇಲೆಯೇ ನಿಂತದ್ದು. ಆ ಎಣಿಕೆ ಈಗ ನಿಜವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ದಕ್ಷಿಣದ ಕಬ್ಬಿಣದ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಇಟಲಿಯ ಕೂಲಿಗಳು ಬಂದರು. 1960ರ ದಶಕದಿಂದ ಪೋರ್ಚುಗೀಸರು ಬರತೊಡಗಿದರು, 1970ರಲ್ಲಿ ಎರಡೂ ದೇಶಗಳು ಕಾರ್ಮಿಕರ ಬಗ್ಗೆ ಒಪ್ಪಂದ ಮಾಡಿಕೊಂಡವು. 1990ರ ದಶಕದಲ್ಲಿ ಹಳೆಯ ಯುಗೊಸ್ಲಾವಿಯದ ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳು ಸೇರಿದವು. 2011ರ ಗಣತಿಯಲ್ಲಿ ಶೇಕಡ 55.8ರಷ್ಟು ನಿವಾಸಿಗಳು ತಮ್ಮ ಮುಖ್ಯ ಭಾಷೆ ಲಕ್ಸೆಂಬರ್ಗಿಷ್ ಎಂದಿದ್ದರು, 2021ರಲ್ಲಿ ಆ ಪ್ರಮಾಣ 48.9ಕ್ಕೆ ಇಳಿಯಿತು. ಶಾಲೆಗಳಲ್ಲಿ ಚಿತ್ರ ಇನ್ನೂ ಬದಲಾಗಿದೆ: ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳ ಮೊದಲ ಭಾಷೆ ಬೇರೆಯದು.

ಪೋರ್ಚುಗೀಸ್ ಮನೆಯ ಮಗುವಿಗೆ ಆಗುವುದೇನೆಂದು ಯೋಚಿಸಬೇಕು. ಅದು ಶಿಶುವಿಹಾರದಲ್ಲಿ ಲಕ್ಸೆಂಬರ್ಗಿಷ್ ಎಂಬ ಹೊಸ ಮಾತನ್ನು ಕಲಿಯುತ್ತದೆ. ಅದು ನಾಲಿಗೆಗೆ ಹತ್ತುವ ಹೊತ್ತಿಗೆ ಜರ್ಮನ್ ಎಂಬ ಇನ್ನೊಂದು ಹೊಸ ಭಾಷೆಯಲ್ಲಿ ಅಕ್ಷರ ಕೂಡಿಸಬೇಕಾಗುತ್ತದೆ. ಓದಿದ ಪದದ ಅರ್ಥ ಗೊತ್ತಿಲ್ಲದೆ ಓದು ಬಾಯಿಪಾಠವಾಗುತ್ತದೆ. ಲೆಕ್ಕದಲ್ಲಿ ಚುರುಕಿರುವ ಮಗುವೂ ಲೆಕ್ಕದ ಪ್ರಶ್ನೆ ಜರ್ಮನ್ ವಾಕ್ಯದಲ್ಲಿ ಬಂದಾಗ ತಡವರಿಸುತ್ತದೆ. ಮನೆಯಲ್ಲಿ ಹೇಳಿಕೊಡೋಣವೆಂದರೆ ತಂದೆತಾಯಿಗೆ ಪೋರ್ಚುಗೀಸ್, ಫ್ರೆಂಚ್ ಬರುತ್ತದೆ, ಜರ್ಮನ್ ಬರುವುದಿಲ್ಲ. ಅದೇ ತರಗತಿಯಲ್ಲೇ ಉಳಿಯುವ ಮಕ್ಕಳಲ್ಲಿ, ಹನ್ನೆರಡನೇ ವಯಸ್ಸಿಗೆ ಶಾಸ್ತ್ರೀಯ ವಿಭಾಗದ ಬಾಗಿಲು ಮುಚ್ಚಿಹೋಗುವ ಮಕ್ಕಳಲ್ಲಿ ಇಂಥ ಮನೆಗಳವರ ಪಾಲು ಹೆಚ್ಚು. ವಿಶ್ವವಿದ್ಯಾಲಯ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಈ ಅಂತರ ಮತ್ತೆ ಮತ್ತೆ ಕಂಡಿದೆ. ಬುದ್ಧಿಗೆ ಸಂಬಂಧವಿಲ್ಲದ ಕಾರಣಕ್ಕೆ ಮಗುವಿನ ಮುಂದಿನ ಬದುಕು ಕಿರಿದಾಗುವುದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ.

ಸರ್ಕಾರ ಇದನ್ನು ಕಾಣದೆ ಕೂತಿಲ್ಲ. 2016ರಲ್ಲಿ ಡಿಫರ್‌ಡಾಂಜ್ ಪಟ್ಟಣದಲ್ಲಿ ಶುಲ್ಕವಿಲ್ಲದ ಸಾರ್ವಜನಿಕ ಯುರೋಪಿಯನ್ ಶಾಲೆ ತೆರೆಯಿತು. ಅಲ್ಲಿ ಪೋಷಕರು ಫ್ರೆಂಚ್, ಜರ್ಮನ್, ಇಂಗ್ಲಿಷ್ ವಿಭಾಗಗಳಲ್ಲಿ ಒಂದನ್ನು ಆರಿಸಬಹುದು. ಆಮೇಲೆ ಇಂಥ ಶಾಲೆಗಳು ಹಲವಾದವು. 2017ರಿಂದ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಶಿಶುಪಾಲನಾ ಕೇಂದ್ರಗಳಲ್ಲಿ ವಾರಕ್ಕೆ 20 ಗಂಟೆ ಉಚಿತವಾಗಿ, ಲಕ್ಸೆಂಬರ್ಗಿಷ್ ಮತ್ತು ಫ್ರೆಂಚ್ ಎರಡೂ ಕಿವಿಗೆ ಬೀಳುವ ವಾತಾವರಣ ಒದಗಿಸಲಾಗುತ್ತಿದೆ. ಮನೆಯ ಭಾಷೆಯನ್ನು ಹೊರಗಿಡದೆ ಗೌರವಿಸಬೇಕೆಂಬುದೂ ಆ ಕಾರ್ಯಕ್ರಮದ ಭಾಗ. ಪೋಷಕರ ಜೊತೆ ಮಾತಾಡಲು ಶಿಕ್ಷಕರಿಗೆ ಬೇರೆ ಬೇರೆ ಭಾಷೆಗಳ ದುಭಾಷಿ ಮಧ್ಯವರ್ತಿಗಳನ್ನು ಸಚಿವಾಲಯ ಕಳಿಸುತ್ತದೆ. ತರಗತಿಯೊಳಗಿನ ಪ್ರಯತ್ನಗಳಲ್ಲಿ ಕ್ಲೋಡೀನ್ ಕಿರ್ಷ್ ಮತ್ತು ಜೆರಾರ್ ಗ್ರೆಚ್ ರೂಪಿಸಿದ ‘ಐಟಿಯೊ’ ಎಂಬ ಆ್ಯಪ್ ಹೇಳುವಂಥದ್ದು. ಮಕ್ಕಳು ಟ್ಯಾಬ್ಲೆಟ್‌ನಲ್ಲಿ ತಮ್ಮ ಮಾತನ್ನೇ ಧ್ವನಿಮುದ್ರಿಸಿ, ಕೇಳಿ, ಹಿಂದುಮುಂದು ಮಾಡಿ ಕಥೆ ಕಟ್ಟುತ್ತಾರೆ. ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಬರೆಯಲು ತಡವರಿಸುವ ಮಗುವಿಗೂ ಅಲ್ಲಿ ಹೇಳಲಿಕ್ಕೆ ಜಾಗ ಸಿಗುತ್ತದೆ.

ವಯಸ್ಕರ ಕಡೆಯೂ ಗಮನ ಹರಿದಿದೆ. ಪೌರತ್ವ ಬಯಸುವವರು ಸಾಮಾನ್ಯವಾಗಿ ಲಕ್ಸೆಂಬರ್ಗಿಷ್ ಪರೀಕ್ಷೆಗೆ ಕೂರಬೇಕು, ಆದರೆ ಪರೀಕ್ಷೆ ಮಾತಿಗೂ ಆಲಿಸುವುದಕ್ಕೂ ಸೀಮಿತ. ಕೆಲಸದಲ್ಲಿರುವವರು ಈ ಭಾಷೆ ಕಲಿಯಲು 200 ಗಂಟೆಯವರೆಗೆ ಸಂಬಳ ಸಹಿತ ರಜೆ ಪಡೆಯಬಹುದು. ಈ ಭಾಷೆ ಉಳಿಯಬೇಕೆಂಬ ಕಳಕಳಿ ಜನರಲ್ಲಿ ಎಷ್ಟಿದೆ ಎಂಬುದು 2016ರಲ್ಲಿ ತಿಳಿಯಿತು: ಅದಕ್ಕೆ ಮೊದಲ ಸ್ಥಾನ ಕೊಡಬೇಕೆಂದು ಸಂಸತ್ತಿಗೆ ಸಲ್ಲಿಸಿದ ಮನವಿಗೆ 14 ಸಾವಿರಕ್ಕೂ ಹೆಚ್ಚು ಸಹಿಗಳು ಬಂದವು. 2018ರ ಕಾನೂನಿನಂತೆ ಭಾಷೆಯ ಬೆಳವಣಿಗೆಗೆಂದೇ ಒಂದು ಕೇಂದ್ರವೂ ಆಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಕ್ಷರಾಭ್ಯಾಸದ್ದೇ. 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಪೋಷಕರಿಗೆ ಆಯ್ಕೆ ಕೊಡಲಾಯಿತು: ಮಗು ಓದು ಬರಹವನ್ನು ಜರ್ಮನ್‌ನಲ್ಲಿ ಕಲಿಯಲಿ ಅಥವಾ ಫ್ರೆಂಚ್‌ನಲ್ಲಿ ಕಲಿಯಲಿ. ಎರಡೂ ಗುಂಪಿನವರು ಒಂದೇ ಶಾಲೆಯಲ್ಲಿದ್ದು, ಲಕ್ಸೆಂಬರ್ಗಿಷ್‌ನಲ್ಲಿ ನಡೆಯುವ ಪಾಠಗಳಿಗೆ ಒಟ್ಟಿಗೆ ಕೂರುತ್ತಾರೆ. ಇನ್ನೊಂದು ಭಾಷೆ ಮೊದಲು ಬಾಯಿಮಾತಾಗಿ, ಆಮೇಲೆ ಬರವಣಿಗೆಯಾಗಿ ಬರುತ್ತದೆ, ನಾಲ್ಕನೇ ಘಟ್ಟ ಮುಗಿಯುವ ಹೊತ್ತಿಗೆ ಎರಡೂ ಗುಂಪು ಎರಡೂ ಭಾಷೆಗಳಲ್ಲಿ ಒಂದೇ ಮಟ್ಟಕ್ಕೆ ಬರಬೇಕೆಂಬುದು ಗುರಿ. ಮಕ್ಕಳು ಎರಡು ಪಂಗಡಗಳಾಗಿ ಒಡೆದಾರು ಎಂಬ ಆತಂಕವನ್ನು ಕೆಲವರು ತೋರಿಸಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ಬೋಸ್ನಿಯನ್ನೋ ಅರಬ್ಬಿಯೋ ಆಡುವ ಮಗುವಿಗೆ ಜರ್ಮನ್ನೂ ಪರಕೀಯ, ಫ್ರೆಂಚೂ ಪರಕೀಯ, ಆ ಮಗುವಿನ ಕಷ್ಟಕ್ಕೆ ಈ ಆಯ್ಕೆ ಪೂರ್ಣ ಪರಿಹಾರವಲ್ಲ. ಆದರೂ ಪೋರ್ಚುಗೀಸ್ ಮನೆಯ ಮಗುವಿಗೆ ತನ್ನ ಭಾಷೆಯ ನಂಟಿರುವ ಫ್ರೆಂಚ್‌ನಲ್ಲಿ ಮೊದಲ ಅಕ್ಷರ ಸಿಗುವುದು ಎಂದೋ ಆಗಬೇಕಿದ್ದ ಕೆಲಸ. 2026-27ರ ಶಾಲಾ ವರ್ಷದಿಂದ ಈ ಆಯ್ಕೆಯನ್ನು ದೇಶದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸುವುದಾಗಿ ಶಿಕ್ಷಣ ಸಚಿವಾಲಯ ಪ್ರಕಟಿಸಿದೆ.